ಹಿಮ್ಮಡಿಯವನ ಮಡು

ನಮ್ಮೂರಿಗೆ ಯಾರೂ ದಾರಿ ಕೇಳಿಕೊಂಡು ಬರುವುದಿಲ್ಲ. ಕಚ್ಚಿಸಿಕೊಂಡವರು ಬರುತ್ತಾರೆ. ಹೆಸರು ಕೇಳಿರದ ಯಾವುದೋ ದೇಶದ ಜೋಳದ ಹೊಲದಲ್ಲೋ, ಕಡಲಂಚಿನ ಬಂಡೆಯ ಮೇಲೋ ಒಬ್ಬರ ಕಾಲಿಗೆ ಹಲ್ಲು ನಾಟುತ್ತದೆ; ಅವರು ಬೆಚ್ಚಿ ಒಂದು ಹೆಜ್ಜೆ ಹಿಂದಕ್ಕಿಡುತ್ತಾರೆ; ಆ ಹೆಜ್ಜೆ ನಮ್ಮೂರ ಪಡುವಣ ಬಾಗಿಲಿನ ಚಪ್ಪಡಿಯ ಮೇಲೆ ಬೀಳುತ್ತದೆ. ಬಾಗಿಲ ಪಕ್ಕದಲ್ಲಿ ನೀರಿನ ಹಂಡೆ, ಹಂಡೆಯ ಪಕ್ಕದಲ್ಲಿ ಜಗಲಿ. ಜಗಲಿಯ ಮೇಲೆ ಸರದಿಯಂತೆ ಯಾರಾದರೂ ಅವರೆಕಾಯಿ ಸುಲಿಯುತ್ತಲೋ ಹರಟುತ್ತಲೋ ಕೂತಿರುತ್ತಾರೆ. ಬಂದವರಿಗೆ ಮೊದಲು ನೀರು, ಆಮೇಲೆ ಕೈ. ಗುಣವಾದವರು ಅದೇ ಚಪ್ಪಡಿಯಿಂದ ಕಾಲೆತ್ತಿ ತಮ್ಮ ಮನೆಯಂಗಳಕ್ಕೆ ಇಡುತ್ತಾರೆ. ಈ ಹೆಜ್ಜೆ ಎಲ್ಲರಿಗೂ ಯಾಕೆ ಸಿಕ್ಕುವುದಿಲ್ಲ ಎಂದು ಚಿಕ್ಕಂದಿನಲ್ಲಿ ಅಜ್ಜಿಯನ್ನು ಕೇಳಿದ್ದೆ. "ಸಿಕ್ಕದೋರು ಬಂದು ಹೇಳಿದ್ರೆ ತಾನೆ ಗೊತ್ತಾಗೋದು," ಅಂದಿದ್ದಳು.

ಕೈ ಅಂದರೆ ಇಷ್ಟೇ. ನಮ್ಮಲ್ಲಿ ಕೇರಿಗೊಂದು ಜೀವ. ನಾಗರ ಕೇರಿ, ಮಂಡಲದ ಕೇರಿ, ಚೇಳಿನ ಕೇರಿ ಇವು ಬಾಗಿಲಿಗೆ ಹತ್ತಿರ, ಯಾವಾಗಲೂ ಗಿಜಿಗಿಜಿ. ಒಳಕ್ಕೆ ಹೋದರೆ ಗಿಲಕಿ ಹಾವಿನದು, ಬಾಯೊಳಗೆ ಕಾಡಿಗೆ ಬಳಿದಂತಿರುವ ಮಾಂಬಾ ಹಾವಿನದು, ಕಲ್ಲೆಂದು ತುಳಿಸಿಕೊಳ್ಳುವ ಕಲ್ಲುಮೀನಿನದು, ಶಂಖದೊಳಗಿಂದ ಈಟಿ ಎಸೆಯುವ ಹುಳುವಿನದು. ಆಯಾ ಜೀವ ಆಯಾ ಕೇರಿಯ ಗೋಡೆಯ ಸಂದಿಯಲ್ಲಿ, ತೊಟ್ಟಿಯಲ್ಲಿ, ಮರದ ಪೊಟರೆಯಲ್ಲಿ ತನ್ನ ಪಾಡಿಗೆ ಇರುತ್ತದೆ. ಗಂಡುಮಕ್ಕಳಿಗೆ ಮೀಸೆ ಚಿಗುರುವಾಗ ಅದನ್ನು ಒಮ್ಮೆ ಮುಟ್ಟಿಸಿ, ಅದರ ವಿಷ ಒಂದಿಷ್ಟು ತಗಲಿಸುತ್ತಾರೆ. ಹೆಣ್ಣುಮಕ್ಕಳಿಗೆ ಮದುವೆ ಗೊತ್ತಾದ ಮೇಲೆ, ಗಂಡನ ಕೇರಿಯಲ್ಲಿ. ಅಲ್ಲಿಂದ ಮುಂದೆ ಅವರ ಬಲಗೈ ಆ ವಿಷದ್ದು. ಗಾಯದ ಮೇಲೆ ಅಂಗೈ ಇಟ್ಟು ಕೂತರೆ ವಿಷ ತವರಿಗೆ ಹೊರಟ ಮಗಳ ಹಾಗೆ ಸರಸರನೆ ಆ ಕೈಗೆ ಬಂದುಬಿಡುತ್ತದೆ. ಕೈಯಿಟ್ಟವರಿಗೂ ಅದರ ಬಿಸಿ ಒಂದಿಷ್ಟು ತಟ್ಟುತ್ತದೆ. ನಾಗರ ಕೇರಿಯವರ ರೆಪ್ಪೆ ಜೋತುಬೀಳುತ್ತದೆ, ಮಂಡಲದವರ ವಸಡಿನಲ್ಲಿ ರಕ್ತ ಒಸರುತ್ತದೆ, ಚೇಳಿನವರು ಬೆವರಿ ಮನೆಯವರ ಮೇಲೆ ರೇಗುತ್ತಾರೆ. ಸಂಜೆಗೆಲ್ಲ ಸರಿಹೋಗುತ್ತದೆ. ಒಂದು ಕೈಗೆ ಒಂದೇ ವಿಷ; ಒಂದು ಮನೆಗೂ ಒಂದೇ.

ಮಾಡುವ ಕೆಲಸ ನಿಧಾನವಾಗಿ ಮನುಷ್ಯರ ಸ್ವಭಾವವೇ ಆಗಿಬಿಡುತ್ತದೆ. ನೀಲಿ ಬಳೆಯ ಅಷ್ಟಪದಿಯ ಕೇರಿಯಲ್ಲಿ ಯಾರೂ ಯಾರ ಬಗ್ಗೆಯೂ ಕೆಟ್ಟ ಮಾತಾಡುವುದಿಲ್ಲ; ಅಲ್ಲಿಗೆ ಬಂದವರು ಹೆಣದ ಹಾಗೆ ಬಿದ್ದಿದ್ದರೂ ಕಿವಿಗೆ ಎಲ್ಲ ಕೇಳಿಸುತ್ತಿರುತ್ತದೆ. ಲೋಳೆಮೀನಿನ ಕೇರಿಯವರು ಬರೀ ತಮಾಷೆಯ ಜನ, ಏಕೆಂದರೆ ಅದರ ಎಳೆ ತಾಕಿದವರಿಗೆ ಲೋಕವೇ ಮುಗಿದುಹೋಯಿತು ಅನ್ನಿಸುತ್ತದಂತೆ, ಅವರನ್ನು ನಗಿಸುತ್ತ ಕೂರಬೇಕು. ಇನ್ನು ಕಟ್ಟಹಾವಿನ ಕೇರಿಯವರು ಮೆತ್ತಗೆ ಮಾತಾಡುವವರು. ಕಟ್ಟಹಾವು ಕಚ್ಚಿದ್ದೇ ಗೊತ್ತಾಗುವುದಿಲ್ಲ. ಅವರ ಮನೆಗೆ ಬರುವವರು ಕಣ್ಣುಜ್ಜಿಕೊಂಡು ನಿದ್ದೆಗಣ್ಣಲ್ಲೇ ಬಂದು, ಯಾಕೋ ಹೊಟ್ಟೆನೋವು ಅಂತ ಜಗಲಿಯ ಮೇಲೆ ಒರಗುತ್ತಾರೆ. ನಾನು ಮದುವೆಯಾಗಬೇಕಾಗಿದ್ದ ಮುದ್ದುರಂಗ ಆ ಕೇರಿಯವನು.

ನಮ್ಮದು ಊರಿನ ಕೊನೆಯಲ್ಲಿ, ಹಳ್ಳ ತಿರುಗುವ ಕಡೆ. ಕೇರಿ ಅನ್ನುವುದು ಹೆಸರಿಗೆ. ಇದ್ದದ್ದು ಒಂದೇ ಮನೆ, ಮನೆಯ ಹಿಂದೆ ಒಂದು ಮಡು. ಮನೆಯಲ್ಲಿ ನಾನು ದವನಿ, ನನ್ನ ಅಜ್ಜಿ ದೇವೀರಮ್ಮ. ಅಪ್ಪ ಅಮ್ಮ ನಾನು ತೊಟ್ಟಿಲಲ್ಲಿದ್ದಾಗಲೇ ಜ್ವರಕ್ಕೆ ಹೋದರು. ನಮ್ಮೂರಿಗೆ ವಿಷ ಗೊತ್ತು, ಜ್ವರ ಗೊತ್ತಿಲ್ಲ. ನಮ್ಮ ಕೇರಿಯ ಜೀವವನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಅಜ್ಜಿಯೂ ಕಂಡಿರಲಿಲ್ಲ. ಅವಳು ಮದುವಣಗಿತ್ತಿಯಾಗಿ ಬಂದಾಗ, ಚಳಿಗಾಲದ ಒಂದು ಮುಂಜಾನೆ, ಮಡುವಿನಲ್ಲಿ ಕಾಲಿಳಿಬಿಟ್ಟು ಕೂತಿದ್ದಳಂತೆ. ಏನೋ ಬಂದು ಪಾದವನ್ನು ಅಪ್ಪಿಕೊಂಡು ಒದ್ದು ಹೋಯಿತಂತೆ. ಆ ನೋವು ಬೇಸಿಗೆ ಬರುವವರೆಗೂ ಇಳಿಯಲಿಲ್ಲವಂತೆ. ಅದು ಯಾವ ಜೀವ ಎಂದು ತಾತ ಹೇಳಿದ್ದ, ತಾತನಿಗೆ ಅವನ ಅಜ್ಜಿ ಹೇಳಿದ್ದಳು. ನನಗೆ ನನ್ನ ಅಜ್ಜಿ ಹೇಳಿದಳು. ಬಾತುಕೋಳಿಯ ಕೊಕ್ಕು, ನೀರುನಾಯಿಯ ಮೈ, ದೋಸೆ ಮಗುಚುವ ಸಟ್ಟುಗದಂಥ ಬಾಲ. ಮೊಟ್ಟೆ ಇಡುತ್ತದೆ, ಮೊಟ್ಟೆಯೊಡೆದ ಮರಿಗೆ ಹಾಲೂಡುತ್ತದೆ. ಮೊಲೆಯಿಲ್ಲ, ಬೆವರು ಬಂದ ಹಾಗೆ ಚರ್ಮದಿಂದ ಹಾಲು ಒಸರುತ್ತದೆ. ನೀರೊಳಗೆ ಕಣ್ಣು ಮುಚ್ಚಿಕೊಂಡು ಕೊಕ್ಕಿನಿಂದಲೇ ನೋಡುತ್ತದೆ. ಗಂಡಿಗೆ ಹಿಮ್ಮಡಿಯಲ್ಲಿ ಒಂದು ಮುಳ್ಳು, ಅದರಲ್ಲಿ ವಿಷ, ಚಳಿಗಾಲದಲ್ಲಿ ಅದು ಇನ್ನೂ ಜೋರು. ಆ ವಿಷ ಮನುಷ್ಯರನ್ನು ಕೊಲ್ಲುವುದಿಲ್ಲ, ನೋವಿನಿಂದ ಅಳುವಂತೆ ಮಾಡುತ್ತದೆ. ಅಜ್ಜಿ ಅದನ್ನು ಹಿಮ್ಮಡಿಯವ ಎಂದು ಕರೆಯುತ್ತಿದ್ದಳು, ಮನೆಯ ಹಿರಿಯನೊಬ್ಬನ ಮಾತು ಬಂದಂತೆ.

ಲೋಕದ ವಿಷವನ್ನೆಲ್ಲ ಕಂಡ ಊರು ಇದನ್ನು ಮಾತ್ರ ನಂಬಲಿಲ್ಲ. ನಮ್ಮನ್ನು ಬಾತುಕೋಳಿ ಕೇರಿಯವರು ಅನ್ನುತ್ತಿದ್ದರು. ಅಂಗಡಿಗೆ ಹೋದರೆ ಮೊಟ್ಟೆ ಬೇಕಾ, ಹಾಲು ಬೇಕಾ, ಎರಡೂ ಮನೇಲೇ ಆಗುತ್ತಲ್ಲ ಎಂದು ನಗುತ್ತಿದ್ದರು. ದೇವೀರಜ್ಜಿಯ ಕಾಲಿಗೆ ಚುಚ್ಚಿದ್ದು ಯಾವುದೋ ಮೀನಿನ ಮುಳ್ಳು, ಸಾಯದ ಮೇಲೆ ಅದೇನು ವಿಷ ಎಂಬುದು ಊರ ಯಜಮಾನ ಚನ್ನಬೋರಪ್ಪನವರ ವಾದ. ಅಜ್ಜಿಯ ಕೈ ಕೇಳಿಕೊಂಡು ಒಬ್ಬರೂ ಬಂದಿರಲಿಲ್ಲ. ತಾತನ ಅಣ್ಣತಮ್ಮಂದಿರ ಮನೆಗಳವರು ಒಬ್ಬೊಬ್ಬರಾಗಿ ಬೇರೆ ಕೇರಿಗಳಿಗೆ ಹೆಣ್ಣು ಕೊಟ್ಟರು, ಗಂಡುಮಕ್ಕಳನ್ನೂ ಮನೆಯಳಿಯರನ್ನಾಗಿ ಕಳಿಸಿಬಿಟ್ಟರು. ನಾನು ಮಾತ್ರ ಮಡುವಿನ ದಂಡೆಯಲ್ಲಿ ಹೊಟ್ಟೆಯಡಿಯಾಗಿ ಮಲಗಿ ನೀರಿನ ಗುಳ್ಳೆಗಳನ್ನು ನೋಡುತ್ತ ದೊಡ್ಡವಳಾದೆ. ಗುಳ್ಳೆ ಎದ್ದಾಗಲೆಲ್ಲ ಉಸಿರು ಬಿಗಿಹಿಡಿಯುತ್ತಿದ್ದೆ. ಕಪ್ಪೆ ಬರುತ್ತಿತ್ತು.

ಮುದ್ದುರಂಗನಿಗೆ ನನ್ನನ್ನು ಕೇಳಿಕೊಂಡು ಬಂದದ್ದು ಅವನ ತಾಯಿ ಸಿದ್ದಮ್ಮ. ಕೇರಿಯಲ್ಲೆಲ್ಲ ಮೆತ್ತಗಿನ ಮಾತು, ಆಕೆಯದು ಮಾತ್ರ ಒನಕೆಯ ಪೆಟ್ಟು. "ದೇವೀರವ್ವ, ನಿನ್ ಮೊಮ್ಮಗಳು ಕನಸು ಕಾಣೋದು ಬಿಟ್ರೆ ಬೇರೆ ಏನೂ ಕಲ್ತಿಲ್ಲ ಅಂತ ಊರೆಲ್ಲ ಅಂತದೆ. ನನ್ ಮಗ ಅವಳೇ ಬೇಕು ಅಂತಾನೆ. ಸಂಕ್ರಾಂತಿ ಕಳೀಲಿ, ಕಟ್ಟಹಾವು ಮುಟ್ಟಿಸ್ಬಿಡ್ತೀನಿ. ಒಂದು ಕೈ ಅಂತ ಆದ್ರೆ ಹುಡುಗಿ ನೆಟ್ಟಗಾಗ್ತಾಳೆ," ಅಂದರು. ಅಜ್ಜಿ ಎಲೆಗೆ ಸುಣ್ಣ ಸವರುತ್ತ, "ಆಗ್ಲಿ ಕಣೆ ಸಿದ್ದಿ. ನಮ್ದು ನನ್ನ ಜೊತೇಲೇ ಹೋಗ್ಲಿ," ಅಂದಳು. ಆ ಮಾತಿನಲ್ಲಿ ದುಃಖವಿತ್ತೋ ಬಿಡುಗಡೆಯಿತ್ತೋ ನನಗೆ ತಿಳಿಯಲಿಲ್ಲ. ಮುದ್ದುರಂಗ ನನ್ನ ಜೊತೆ ಗೋಲಿ ಆಡಿ ಬೆಳೆದವನು, ನಾನು ಹೇಳಿದ ಕಥೆಗಳನ್ನೆಲ್ಲ ಬಾಯಿ ತೆರೆದು ಕೇಳುತ್ತಿದ್ದವನು. ನನಗೂ ಅವನೇ ಬೇಕಾಗಿತ್ತು.

ಆ ಹೆಂಗಸು ಬಂದದ್ದು ಧನುರ್ಮಾಸದಲ್ಲಿ. ಆ ದಿನ ಜಗಲಿಯ ಮೇಲೆ ನನ್ನ ಸರದಿ. ಚಪ್ಪಡಿಯ ಮೇಲೆ ರಬ್ಬರ್ ಬೂಟಿನ ಎರಡು ಕಾಲು ಕಾಣಿಸಿದವು, ಬೂಟಿನಿಂದ ನೀರು ಸುರಿಯಿತು, ಆಮೇಲೆ ಕೂಗು ಕೇಳಿಸಿತು. ಹಾಗೆ ಕೂಗುವವರನ್ನು ನಾನು ಕಂಡಿರಲಿಲ್ಲ. ಸಾಯುವವರು ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ. ಕೆಂಪು ಕೂದಲು, ನಡುವಯಸ್ಸು. ಎಡಗೈಯನ್ನು ಎದೆಗೆ ಒತ್ತಿಕೊಂಡಿದ್ದಳು, ಅದು ಮೊಣಕೈವರೆಗೆ ಹಲಸಿನ ಸೊಳೆಯಂತೆ ಬಿಗಿದು ಊದಿತ್ತು. ಮಣಿಕಟ್ಟಿನ ಹತ್ತಿರ ಒಂದೇ ಒಂದು ತೂತು. ನೀರು ಕುಡಿಸಿ ಚಿತ್ರದ ಗೋಡೆಯ ಮುಂದೆ ನಿಲ್ಲಿಸಿದೆ.

ಚಿತ್ರದ ಗೋಡೆ ಇರುವುದು ಭಾಷೆ ಬಾರದವರಿಗೆ. ನಮ್ಮೂರಿನ ಅಷ್ಟೂ ಜೀವಗಳನ್ನು ಅದರ ಮೇಲೆ ಬಣ್ಣದಲ್ಲಿ ಬರೆದಿದೆ. ಬಂದವರು ತಮ್ಮನ್ನು ಕಚ್ಚಿದ್ದನ್ನು ಮುಟ್ಟಿ ತೋರಿಸಿದರೆ ಆ ಕೇರಿಗೆ ಹೇಳಿಕಳಿಸುತ್ತೇವೆ. ನಮ್ಮ ಹಿಮ್ಮಡಿಯವ ಅಲ್ಲಿಲ್ಲ. ಕಂಡವರಿಲ್ಲದೆ ಏನು ಬರೆಯುವುದು. ಹೆಂಗಸು ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು, ತಲೆಯಾಡಿಸಿದಳು, ಅತ್ತಳು. ಆಮೇಲೆ ದೂರದ ದ್ವೀಪಗಳ ದೊಡ್ಡ ಕಣ್ಣಿನ ಕಾಡುಪಾಪದ ರೋಮವನ್ನು ಮುಟ್ಟಿದಳು. ಕಡಲಹಾವಿನ ಚಪ್ಪಟೆ ಬಾಲ ಮುಟ್ಟಿದಳು. ಚೇಳಿನ ಕೊಂಡಿ ಮುಟ್ಟಿದಳು. ಅಷ್ಟರಲ್ಲಿ ಬಂದಿದ್ದ ಯಜಮಾನರು, "ಅಯ್ಯೋ ಪಾಪ, ಮೂರೂ ಕಚ್ಚವೆ," ಎಂದು ಮೂರು ಕೇರಿಗೂ ಆಳು ಓಡಿಸಿದರು.

ಮೂರು ಕೇರಿಯವರೂ ಬಂದರು. ಕಾಡುಪಾಪದವರು ಕೈಯಿಟ್ಟು, ನಮ್ದಲ್ಲ ಅಂದರು. ಕಡಲಹಾವಿನವರು ಇಟ್ಟು, ನಮ್ದೂ ಅಲ್ಲ ಅಂದರು. ಚೇಳಿನ ಕೇರಿಯ ಮುದುಕ ಕೂಗು ಕೇಳಿಯೇ, ಇಷ್ಟು ನೋವು ನಮ್ಮದಲ್ಲದೆ ಇನ್ಯಾರದು ಎಂದು ಠೀವಿಯಿಂದ ಕೂತ; ಸ್ವಲ್ಪ ಹೊತ್ತಿಗೆ ಕೈ ಒದರಿಕೊಂಡು ಎದ್ದ. ಸುದ್ದಿ ಹಬ್ಬಿ ಕರೆಯದ ಕೇರಿಗಳವರೂ ಸಾಲಾಗಿ ನಿಂತರು. ಮುದ್ದುರಂಗನೂ ಕೈಯಿಟ್ಟ. ಅವನ ಕೈಕೆಳಗೆ ಅವಳು ಕೂಗಿದ್ದಕ್ಕೆ ಬಿಸಿ ಮುಟ್ಟಿದವನಂತೆ ಹಿಂದಕ್ಕೆ ಸರಿದ. "ನಾಡಿ ಗಟ್ಟಿಯಾಗದೆ, ಕಣ್ಣು ಸರಿಯಾಗದೆ, ಉಸಿರು ಸರಿಯಾಗದೆ," ಅಂದರು ಯಜಮಾನರು. "ಕಣಜ ಗಿಣಜ ಇರ್ಬೇಕು ಕಣ್ರಯ್ಯ. ಅರಿಶಿನ ಹಚ್ಚಿ ಮಲಗಿಸಿ."

ಆ ಹೆಂಗಸಿಗೆ ಮಾತು ತಿಳಿಯದಿದ್ದರೂ ಧ್ವನಿ ತಿಳಿದಿರಬೇಕು. ಎದ್ದು ಜಗಲಿಯ ಮೂಲೆಯ ಒಲೆಯಿಂದ ಆರಿದ ಇದ್ದಿಲೊಂದನ್ನು ತಂದಳು. ಗೋಡೆಯ ಖಾಲಿ ಜಾಗದಲ್ಲಿ ಬಲಗೈಯಿಂದ ಬರೆಯತೊಡಗಿದಳು. ಮೊದಲು ದುಂಡಗಿನ ಮೈ. ಆಮೇಲೆ ಸಟ್ಟುಗದಂಥ ಬಾಲ. ಆಮೇಲೆ, ತಲೆ ಇರಬೇಕಾದ ಕಡೆ, ಒಂದು ಕೊಕ್ಕು. ಯಾರೋ ಕಿಸಕ್ಕೆಂದರು. ಜ್ವರ ತಲೆಗೇರಿದೆ ಅಂದರು. ಅವಳು ಹಿಂಗಾಲು ಬರೆದು, ಹಿಮ್ಮಡಿಗೆ ಒಂದು ಗೀರು ಎಳೆದು, ಆ ಗೀರನ್ನೇ ಮತ್ತೆ ಮತ್ತೆ ತಿದ್ದಿ ದಪ್ಪ ಮಾಡಿದಳು. ನಾನು ಮನೆಯತ್ತ ಓಡಿದೆ. ಚಪ್ಪಲಿ ಜಗಲಿಯ ಕೆಳಗೇ ಉಳಿಯಿತು.

ಅಜ್ಜಿ ಹಿತ್ತಲಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. "ನಿನ್ನ ಕೇಳ್ಕೊಂಡು ಬಂದವ್ರೆ," ಅಂದೆ. ಅಜ್ಜಿ ನನ್ನ ಮುಖ ನೋಡಿದಳು, ಯಾರು ಏನು ಎಂದು ಕೇಳಲಿಲ್ಲ. ಕೈ ತೊಳೆದು, ಮತ್ತೊಮ್ಮೆ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಹೊರಟಳು. ದಾರಿಯಲ್ಲಿ ಮಾತ್ರ ಒಂದು ಸಲ ಕೇಳಿದಳು: "ಕೊಕ್ಕು ಇತ್ತೇನೆ, ಬರೆದಿದ್ರಲ್ಲಿ?" "ಇತ್ತು," ಅಂದೆ. ಅವಳ ನಡಿಗೆ ಚುರುಕಾಯಿತು.

ಅಜ್ಜಿ ಗಾಯದ ಮೇಲೆ ಅಂಗೈ ಇಟ್ಟಾಗ ಜಗಲಿಯ ಸುತ್ತ ಊರೇ ನೆರೆದಿತ್ತು, ಅರ್ಧ ನಗುವುದಕ್ಕೆಂದೇ. ಮೊದಲು ಏನೂ ಆಗಲಿಲ್ಲ. ಆಮೇಲೆ ಆ ಹೆಂಗಸಿನ ಕೂಗು ನರಳಾಟವಾಯಿತು, ನರಳಾಟ ಬಿಕ್ಕಳಿಕೆಯಾಯಿತು, ಬಿಗಿದಿದ್ದ ಭುಜ ಇಳಿಯಿತು. ಅಜ್ಜಿಯ ಕಣ್ಣಿಂದ ನೀರು ಸುರಿಯುತ್ತಿತ್ತು. ತುಟಿ ಕಚ್ಚಿಕೊಂಡು, ಕೈಯನ್ನು ಇನ್ನೂ ಒತ್ತಿ ಹಿಡಿದು, ಯಾರಿಗೋ ಉತ್ತರ ಕೊಡುವವಳಂತೆ "ನಮ್ದು," ಅಂದಳು. "ನಮ್ದು ಕಣ್ರೋ." ಯಾರೂ ನಗಲಿಲ್ಲ. ಅವಳ ಕೈ ತಾನಾಗಿ ಜಾರಿ ಬಿತ್ತು. ಬಗ್ಗಿ ನೋಡಿದರೆ ಅವಳ ಬೆರಳುಗಳು ಆಗಲೇ ಊದತೊಡಗಿದ್ದವು. ವಿಷ ಅರ್ಧ ಮಾತ್ರ ಬಂದಿತ್ತು. ಆ ವಯಸ್ಸಿನ ಕೈಗೆ ಅಷ್ಟೇ ಹಿಡಿಸುವುದು; ನಮ್ಮ ವಿಷ ಉಳಿದವುಗಳ ಹಾಗೆ ಸಂಜೆಗೆ ಇಳಿಯುವಂಥದ್ದೂ ಅಲ್ಲ.

ಎಲ್ಸಿ ಎಂಬ ಆ ಹೆಂಗಸು ನಮ್ಮ ಮನೆಯಲ್ಲೇ ಕೆಲವು ದಿನ ಉಳಿದಳು. ಹೆಸರನ್ನು ಎದೆ ತಟ್ಟಿಕೊಂಡು ಹೇಳಿದ್ದಳು. ಉಳಿದರ್ಧ ನೋವು ಅವಳಲ್ಲೇ ಇತ್ತು, ಆದರೆ ಅನ್ನ ನುಂಗುವಷ್ಟು, ಕಣ್ಣುಮುಚ್ಚುವಷ್ಟು ಕಡಿಮೆಯಾಗಿತ್ತು. ಅವಳೂ ಅಜ್ಜಿಯೂ ಎದುರುಬದುರು ಗೋಡೆಗೊರಗಿ ಕೂತು, ಒಬ್ಬಳು ಎಡಗೈ, ಒಬ್ಬಳು ಬಲಗೈ ದಿಂಬಿನ ಮೇಲಿಟ್ಟುಕೊಂಡು, ಎರಡು ಭಾಷೆಯಲ್ಲಿ ನರಳುತ್ತ ಒಬ್ಬರಿಗೊಬ್ಬರು ತಲೆದೂಗುತ್ತಿದ್ದರು. ಹೇಗಾಯಿತು ಎಂದು ಸನ್ನೆಯಲ್ಲಿ ಕೇಳಿದೆ. ಎಲ್ಸಿ ಮೀನಿನ ಬಲೆ ಹೆಣೆದಂತೆ ಬೆರಳಾಡಿಸಿದಳು. ಬಲೆಯಲ್ಲಿ ಏನೋ ಸಿಕ್ಕಿಕೊಂಡಂತೆ ಒದ್ದಾಡಿ ತೋರಿಸಿದಳು. ಅದನ್ನು ಬಿಡಿಸಿದ್ದಳು, ಬಿಡಿಸುವಾಗ ಒದೆಸಿಕೊಂಡಿದ್ದಳು. ಕೊನೆಗೆ ಎರಡು ಬೆರಳಿಂದ ಅದು ನೀರೊಳಗೆ ಹೋದದ್ದನ್ನು ತೋರಿಸಿ ನಕ್ಕಳು. ಅವಳಿಗೆ ಅದರ ಮೇಲೆ ಸಿಟ್ಟಿರಲಿಲ್ಲ. ಅವಳು ಚಪ್ಪಡಿಯಿಂದ ಕಾಲೆತ್ತಿ ಹೋದ ಸಂಜೆ ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದಳು. ನೋವಿಗೆ ಅಳುತ್ತಿದ್ದಾಳೆಂದು ಹತ್ತಿರ ಹೋದೆ. "ಇತ್ತು ಕಣೆ ದವನಿ," ಅಂದಳು. "ಇಷ್ಟು ವರ್ಷ ನಾನೇ ಎಷ್ಟೋ ಸಲ ಮೀನಿನ ಮುಳ್ಳೇ ಇರ್ಬೇಕು ಅಂದ್ಕೊಂಡಿದ್ದೆ. ನಿಂಗೆ ಹೇಳ್ತಿದ್ನಲ್ಲ ಕಥೆ, ಹೇಳಿ ಹೇಳಿ ನಾನೇ ನಂಬ್ಕೋತಿದ್ದೆ."

ಯಜಮಾನರು ಬೆಲ್ಲದ ಅಚ್ಚು ಹಿಡಿದುಕೊಂಡು ನೋಡಲು ಬಂದರು. ಮರ್ಯಾದಸ್ಥರು, ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳದಿದ್ದರೂ ಬೆಲ್ಲ ದೊಡ್ಡದಾಗಿಯೇ ಇತ್ತು. "ಗೋಡೆ ಮೇಲೆ ಬರೆಸ್ರಪ್ಪ ಇನ್ನಾದ್ರೂ," ಅಂದಳು ಅಜ್ಜಿ. ಅವರು ಬೆಲ್ಲವನ್ನು ಕೆಳಗಿಟ್ಟು, "ಬರೆಸ್ಬೋದು ಅಜ್ಜಿ. ನಾಳೆ ಇನ್ನೊಬ್ರು ಹಿಂಗೇ ಕಿರುಚ್ಕೊಂಡು ಬಂದು ಆ ಚಿತ್ರ ಮುಟ್ತಾರೆ. ನಿನ್ ಕೈ ನೋಡಿದ್ರೆ ಲೋಟ ಹಿಡಿಯಾಕಾಗ್ತಿಲ್ಲ. ಇವಳು ಕಟ್ಟಹಾವಿನ ಮನೆ ಸೇರ್ತಾಳೆ. ಚಿತ್ರ ಅದೆ, ಕೈ ಇಲ್ಲ ಅಂತ ಅವ್ರಿಗೆ ಹೆಂಗೆ ಹೇಳೋದು? ಇಲ್ದೇ ಇರೋದೇ ವಾಸಿ. ಎಷ್ಟಾದ್ರೂ ಸಾಯಲ್ವಲ್ಲ," ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಅಜ್ಜಿ ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದು ನೋಡಲಿಲ್ಲ ಎಂಬುದು ನನಗೆ ಗೊತ್ತಾಯಿತು.

ಮರುದಿನ ಮುದ್ದುರಂಗ ಮಡುವಿನ ದಂಡೆಗೆ ಬಂದ. ನಾನು ಅಲ್ಲಿಯೇ ಇರುತ್ತೇನೆಂದು ಅವನಿಗೆ ಗೊತ್ತು. "ಏನ್ ಯೋಚ್ನೆ ಮಾಡ್ತಿದೀಯ ಅಂತ ಕೇಳಲ್ಲ," ಅಂದ. "ಕೇಳ್ಬೇಡ," ಅಂದೆ. ಒಂದು ಕಲ್ಲೆತ್ತಿ ನೀರಿಗೆ ಎಸೆಯಹೋಗಿ ಕೆಳಗಿಟ್ಟ. "ನಮ್ಮನೆಗೆ ಬರೋರು ಕೂಗಲ್ಲ ದವನಿ. ಮಲಗಿರ್ತಾರೆ, ಕೈಯಿಡ್ತೀವಿ, ಎದ್ದು ಕಾಫಿ ಕುಡೀತಾರೆ. ಆವತ್ತು ಆಯಮ್ಮನ ಮೇಲೆ ಕೈಯಿಟ್ಟು ಮನೆಗೆ ಹೋದ್ನಲ್ಲ, ಊಟ ಸೇರ್ಲಿಲ್ಲ. ಅಂಥಾದ್ದನ್ನ ನೀನು ಜೀವಮಾನವೆಲ್ಲ ಕೈಯಲ್ಲಿ ತುಂಬ್ಕೋತೀಯ?" "ಸಾಯದವ್ರಿಗೆ ಕೈ ಬೇಡ ಅಂತೀಯಾ?" "ಅನ್ನಲ್ಲ. ನಿಂಗೆ ಬೇಡ ಅಂತೀನಿ." ನಿಜ ಹೇಳಬೇಕೆಂದರೆ ಧರ್ಮ, ಪುಣ್ಯ ಯಾವುದೂ ನನ್ನ ತಲೆಯಲ್ಲಿರಲಿಲ್ಲ. ನನಗೆ ಹಿಮ್ಮಡಿಯವನನ್ನು ನೋಡಬೇಕಿತ್ತು. ನೋಡಿದ ಮೇಲೆ ಬಿಟ್ಟು ಬರಲಾರೆ ಎಂಬುದೂ ಗೊತ್ತಿತ್ತು. "ನಿಮ್ಮವ್ವ ಏನಂತಾರೆ?" ಅಂದೆ. "ಬೇರೆ ಕೈ ಮನೆಯೊಳಗೆ ಬಂದದ್ದೇ ಇಲ್ಲ ಅಂತಾಳೆ." "ಯಾಕಂತೆ?" "ಬಂದದ್ದಿಲ್ಲ ಅಂತ ಬಂದದ್ದಿಲ್ಲ." ಇಬ್ಬರಿಗೂ ನಗು ಬಂತು, ಯಾರೂ ನಗಲಿಲ್ಲ. ಅವನು ಹೋದ ಮೇಲೆ ಅವನು ಕೆಳಗಿಟ್ಟ ಕಲ್ಲನ್ನು ನಾನೇ ನೀರಿಗೆ ಎಸೆದೆ.

ಬೆಳಗು ಹರಿಯುವ ಮುಂಚಿನ ಬೂದುಬೆಳಕಿನಲ್ಲಿ ಎದ್ದು ಹಿತ್ತಲ ಬಾಗಿಲು ತೆಗೆದೆ. ಅಜ್ಜಿ ಎಚ್ಚರವಾಗಿಯೇ ಇದ್ದಳು. "ಹಿಡಿಯೋಕೆ ಹೋದ್ರೆ ಮಾತ್ರ ಒದೆಯುತ್ತೆ," ಅಂದಳು, ಅಷ್ಟೇ. ದಂಡೆಯ ಮೇಲೆ ಮಂಜು ಮಲಗಿತ್ತು. ಸೊಂಟದವರೆಗೆ ನೀರಿಗಿಳಿದು, ಹಲ್ಲು ಕಟಕಟಿಸದಂತೆ ಸೆರಗು ಬಾಯಿಗಿಟ್ಟುಕೊಂಡು ನಿಂತೆ. ಗುಳ್ಳೆಗಳ ಒಂದು ಸಾಲು ಎದ್ದಿತು. ಈ ಸಲ ಕಪ್ಪೆ ಬರಲಿಲ್ಲ.

ಅದು ಇಷ್ಟು ಚಿಕ್ಕದೆಂದು ನನಗೆ ಯಾರೂ ಹೇಳಿರಲಿಲ್ಲ. ಕಥೆಯಲ್ಲಿ ಅದು ಎಮ್ಮೆಗರುವಿನಷ್ಟಿತ್ತು. ನೀರಿನ ಮೇಲೆ ತೇಲುತ್ತಿದ್ದುದು ಬೆಕ್ಕಿನಷ್ಟು ಇತ್ತು, ಅಷ್ಟೂ ಇಲ್ಲ. ಕೊಕ್ಕು ಬಾತುಕೋಳಿಯದರಂತೆ ಗಟ್ಟಿಯಲ್ಲ. ಒದ್ದೆ ಚಪ್ಪಲಿಯ ತೊಗಲಿನಂತೆ ಮೆತ್ತಗೆ, ಬೂದು ಬಣ್ಣ. ಕಣ್ಣು ಎರಡು ಮೆಣಸಿನ ಕಾಳು. ಕೆನ್ನೆಯಲ್ಲಿ ತುಂಬಿಕೊಂಡು ಬಂದ ಸಿಗಡಿಯನ್ನು ಅವಸರವಿಲ್ಲದೆ ಅಗಿಯುತ್ತಿತ್ತು. ನನ್ನನ್ನು ಕಂಡಿತು. ಕಂಡೂ ಅಗಿಯುವುದನ್ನು ನಿಲ್ಲಿಸಲಿಲ್ಲ. ಅದು ಮುಳುಗುವಾಗ ಕಣ್ಣು ಮುಚ್ಚಿಕೊಂಡಿತು, ಕಿವಿಯನ್ನೂ ಅದೇ ಚರ್ಮದ ಮಡಿಕೆಯೊಳಗೆ ಮುಚ್ಚಿಕೊಂಡಿತು, ಮುಳುಗಿ ನನ್ನ ಕಾಲಿನ ಸುತ್ತ ಒಂದು ಸುತ್ತು ಬಂತು. ಕೊಕ್ಕು ನನ್ನ ಮೊಣಕಾಲನ್ನು ಮುಟ್ಟದೆಯೇ ಮುಟ್ಟಿದಂತಾಯಿತು. ನೀರೊಳಗೆ ಅದರ ಮೈ ಬೆಳ್ಳಿಯ ಗುಳ್ಳೆಗಳನ್ನು ಹೊದ್ದಿತ್ತು. ಎಷ್ಟು ಹೊತ್ತು ನೋಡುತ್ತ ನಿಂತಿದ್ದೆನೋ ಕಾಣೆ. ಮೈಯೆಲ್ಲ ಮರಗಟ್ಟಿತ್ತು. ಹಾಗೇ ನಿಂತರೆ ಅದು ನನ್ನನ್ನು ಏನೂ ಮಾಡುವುದಿಲ್ಲ, ಬೆಳಕಾದ ಮೇಲೆ ತನ್ನ ಬಿಲಕ್ಕೆ ಹೋಗುತ್ತದೆ, ನಾನು ಮನೆಗೆ ಹೋಗುತ್ತೇನೆ, ಸಂಕ್ರಾಂತಿ ಬರುತ್ತದೆ. ಅದು ಮತ್ತೆ ಹತ್ತಿರ ಬಂದಾಗ ಎರಡೂ ಕೈಯಿಂದ ಹಿಡಿದುಕೊಂಡೆ.

ಹಿಡಿದ ಮೈ ಬೆಚ್ಚಗಿತ್ತು. ಅದು ನಾಯಿಮರಿಯಂತೆ ಸಣ್ಣಗೆ ಗುರ್ರೆಂದಿತು. ಹಿಂಗಾಲುಗಳು ನನ್ನ ಬಲ ಮಣಿಕಟ್ಟನ್ನು ಅಪ್ಪಿಕೊಂಡವು, ನಿಜವಾಗಿ ಅಪ್ಪಿಕೊಂಡವು, ಆಮೇಲೆ ಒದ್ದವು. ಕೈಬಿಟ್ಟೆ. ಅದು ಹೋಯಿತು. ನೋವು ಬರಲು ಅರೆಗಳಿಗೆ ಹಿಡಿಯಿತು. ಆ ಅರೆಗಳಿಗೆಯಲ್ಲಿ ನಾನು ಬಹಳ ಸಂತೋಷವಾಗಿದ್ದೆ.

ನೋವಿನ ಬಗ್ಗೆ ಹೇಳುವುದು ಕಷ್ಟ. ಮೂಳೆಯ ಒಳಗೆ ಯಾರೋ ಕಮ್ಮಾರ ಕೂತಿದ್ದಾನೆ ಎಂದರೆ ಸ್ವಲ್ಪ ಹತ್ತಿರ. ಅಜ್ಜಿಯ ಪಕ್ಕದಲ್ಲಿ ಇನ್ನೊಂದು ಚಾಪೆ ಬಿತ್ತು. ಅಜ್ಜಿ ಕೈಯಿಡಲು ಹೊರಟಳು, ನಾನು ಬಿಡಲಿಲ್ಲ. ತನ್ನ ಮೊದಲ ವಿಷವನ್ನು ಬೇರೆಯವರಿಗೆ ಕೊಟ್ಟರೆ ಕೈ ಹುಟ್ಟುವುದಿಲ್ಲ. ಕಥೆ ಹೇಳು ಅಂದೆ. "ಈಗ ಯಾವ ಕಥೆ ಹೇಳ್ಲೆ, ಎಲ್ಲಾ ನೀನೇ ನೋಡ್ಕೊಂಡು ಬಂದಿದೀಯ," ಅಂದಳು. ಅದಕ್ಕೆ ನಾನೇ ಅವಳಿಗೆ ಹೇಳಿದೆ, ಕೊಕ್ಕು ಎಷ್ಟು ಮೆತ್ತಗೆ, ಕಣ್ಣು ಎಷ್ಟು ಚಿಕ್ಕದು, ಗುರ್ರೆಂದದ್ದು ಹೇಗೆ. ಪ್ರತಿಯೊಂದಕ್ಕೂ ಅಜ್ಜಿ ಹೂಂ ಅಂದಳು, ಹೂಂ ಅನ್ನುವುದು ಅವಳಿಗೆ ಹೊಸತು.

ಕಟ್ಟಹಾವಿನ ಕೇರಿಯಿಂದ ಯಾರೂ ಬರಲಿಲ್ಲ. ಒಂದು ದಿನ, ಎರಡು ದಿನ, ಆಮೇಲೆ ಎಣಿಸುವುದನ್ನು ಬಿಟ್ಟೆ. ಮಣಿಕಟ್ಟಿಗಿಂತ ಅದು ಹೆಚ್ಚು ನೋಯುತ್ತಿತ್ತೋ ಕಡಿಮೆ ನೋಯುತ್ತಿತ್ತೋ ಬೇರ್ಪಡಿಸಲಾಗುತ್ತಿರಲಿಲ್ಲ. ಪಕ್ಕದ ಕೇರಿಯ ಹೆಂಗಸರು ಗಂಜಿ ತಂದಿಟ್ಟು ಹೋಗುತ್ತಿದ್ದರು, ನಾವಿಬ್ಬರೂ ಎಡಗೈಯಲ್ಲಿ ಲೋಟ ಎತ್ತಿ ಕುಡಿಯುತ್ತಿದ್ದೆವು. ಒಂದು ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ಮುಂದೆ ಸಿದ್ದಮ್ಮ. ಹಿಂದೆ ಮುದ್ದುರಂಗ, ತಲೆಯ ಮೇಲೆ ಬಟ್ಟೆ ಮುಚ್ಚಿದ ಕುಕ್ಕೆ, ಮುಖ ಮೂತಿಯೆಲ್ಲ ಮಸಿ.

ಸಿದ್ದಮ್ಮ ಕೂರಲಿಲ್ಲ. "ನೋಡ್ದೇನವ್ವ ನನ್ ಮಗನ್ನ," ಎಂದು ಅಜ್ಜಿಗೆ ಹೇಳಿದರು. "ಮೂರು ದಿನದಿಂದ ಒಲೆ ಮುಂದೆ ಕೂತವನೆ. ಅಡುಗೆ ಕಲಿತಾನಂತೆ. ಒಂದು ಮನೇಗೆ ಎರಡು ಕೈ ಯಾಕಿಲ್ಲ ಅಂತ ನನ್ನ ಕೇಳ್ದ. ನಾನು ನಮ್ಮತ್ತೆ ಹೇಳಿದ್ದು ಹೇಳ್ದೆ, ಇಬ್ರಿಗೂ ಒಟ್ಟಿಗೆ ಕರೆ ಬಂದ್ರೆ ಒಲೆ ಮುಂದೆ ಯಾರು ಕೂರೋದು ಅಂತ. ಅಷ್ಟೇನಾ ಅಂದ. ಅಷ್ಟೇ ಅಂದೆ. ಆಮೇಲೆ ನಂಗೇ ನಗು ಬಂತು. ಇಷ್ಟಕ್ಕಾ ಇಷ್ಟು ಕಾಲ ಇದ್ದದ್ದು?"

"ಅತ್ತೆ," ಅಂದೆ ನಾನು, ಏಳಲು ಹೋಗಿ ಆಗದೆ. "ನನ್ನ ಕೈ..."

"ನಿನ್ ಕೈ ವಿಷ್ಯಕ್ಕೇ ಬಂದೆ. ಹಾಳ್ ಮಾಡ್ಕೊಂಡಿದೀಯ. ಸಂಕ್ರಾಂತಿ ಕಳೆದ ಕೂಡ್ಲೆ ಮದುವೆ ಆಗಲ್ಲ." ಕುಕ್ಕೆ ಇಳಿಸಿಕೊಂಡು ತಟ್ಟೆ ತೆಗೆದರು. ಮುದ್ದುರಂಗ ತಲೆಯೆತ್ತಲಿಲ್ಲ. "ಊದಿರೋ ಕೈಗೆ ಬಳೆ ಹತ್ತಲ್ಲ. ಯಾವಾಗ ಇಳಿಯುತ್ತೋ ಆವಾಗ. ಯಜಮಾನ್ರಿಗೂ ಹೇಳಿ ಬಂದಿದೀನಿ, ಗೋಡೆಗೆ ಬಣ್ಣ ಕಲಸ್ತಾವ್ರೆ. ಕೊಕ್ಕು ಬೂದಾ, ಕರಿಯಾ ಅಂತ ನಿನ್ನ ಕೇಳ್ಕೊಂಡು ಬಾ ಅಂದ್ರು."

"ಬೂದು," ಅಂದೆ.

ಸಿದ್ದಮ್ಮ ನನ್ನ ಚಾಪೆಯ ಮೇಲೆ ಮಂಡಿಯೂರಿ ಕೂತು ಅನ್ನಕ್ಕೆ ಹುರುಳಿಸಾರು ಕಲಸಿದರು. ನಾನು ಎಡಗೈ ಚಾಚಿದ್ದನ್ನು ನೋಡಿ ತಟ್ಟೆಯನ್ನು ಆಚೆಗೆಳೆದುಕೊಂಡರು. "ಎಡಗೈಲಿ ಉಣ್ತಾರಾ ಯಾರಾದ್ರೂ. ಬಾಯಿ ತೆಗಿ." ತುತ್ತು ದೊಡ್ಡದಾಗಿತ್ತು, ಉಪ್ಪು ಎರಡು ಸಲ ಬಿದ್ದಿತ್ತು. ಬಾಗಿಲ ಹತ್ತಿರ ಮುದ್ದುರಂಗ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ನುಂಗಿದೆ. ಸಿದ್ದಮ್ಮ ಎರಡನೆಯ ತುತ್ತು ಕಟ್ಟಿ ಅಜ್ಜಿಯ ಕಡೆ ಕೈ ಎತ್ತಿ, "ನೀನು ಹಸ್ಕೊಂಡಿಲ್ವೇನವ್ವ, ದೊಡ್ಡವಳಾಗಿ ಸುಮ್ನೆ ನೋಡ್ತಿದೀಯಲ್ಲ," ಅಂದರು. ಅಜ್ಜಿ ಗೋಡೆಗೊರಗಿದ್ದಲ್ಲಿಂದ ಇತ್ತ ಬಾಗಿ ಬಾಯಿ ತೆರೆದಳು.